‘ಸೀರೆ ಚಂದ ಐತಿ’ ಅಂದರೆ ‘ನೋ ನೋ’ ಯಾಕೆ?

ಪ್ರಶ್ನೆ: ನನ್ನ ಬಾಣಂತನಕ್ಕೆ ಅವ್ವ ಅಮೆರಿಕಕ್ಕೆ ಬಂದಿದ್ದಾಳೆ. ವಯಸ್ಸು 64. ಪಕ್ಕದ ಮನೆಯವರು ‘ಬ್ಯೂಟಿಫುಲ್ ಸ್ಯಾರಿ’ ಅಂದರೆ ‘ನೋ ನೋ, ವೆರಿ ಓಲ್ಡ್’ ಅನ್ನುತ್ತಾಳೆ. ಅವರ ಮುಖ ಪೆಚ್ಚಾಗುತ್ತದೆ. ಹೇಗೆ ತಿದ್ದಲಿ?
– ಇಳಕಲ್ ಕಡೆಯ ಓದುಗರು, ಟೆಕ್ಸಾಸ್

ಉತ್ತರ: ನಿಮ್ಮ ಅವ್ವ ಉತ್ತರಿಸುತ್ತಿರುವುದು ಕನ್ನಡದಲ್ಲೇ, ಪದಗಳಷ್ಟೇ ಇಂಗ್ಲಿಷಿನವು. ‘ಅಯ್ಯ, ಹಳೇದ ಐತ್ರಿ’ ಅಂದರೆ ನಮ್ಮಲ್ಲಿ ಯಾರೂ ಸುಮ್ಮನಾಗುವುದಿಲ್ಲ. ‘ಹಂಗ ಕಾಣೂದೇ ಇಲ್ಲ ಬಿಡ್ರಿ’ ಎಂದು ಮಾತು ಬೆಳೆಸುತ್ತಾರೆ. ಅಲ್ಲಿ ‘ನೋ’ ಎಂದರೆ ಹೊಗಳಿದವರ ಕಣ್ಣೇ ಸರಿಯಿಲ್ಲ ಎಂದಂತೆ.

ಹಾಗಂತ ವಿನಯ ಬಿಡಬೇಕಿಲ್ಲ. ಹೊಗಳಿದವರ ಮಾತು ಒಪ್ಪಬೇಕು, ತನ್ನನ್ನು ತಾನೇ ಹೊಗಳಿಕೊಳ್ಳಲೂಬಾರದು: ಈ ಇಕ್ಕಟ್ಟು ಅಮೆರಿಕನ್ನರಿಗೂ ಇದೆ ಎಂದು ಮಾತುಕತೆಯ ರೀತಿಗಳನ್ನು ಅಧ್ಯಯನ ಮಾಡುವ ಸಂಶೋಧಕಿ ಅನಿತಾ ಪೊಮೆರಾಂಟ್ಸ್ 1978ರಲ್ಲೇ ತೋರಿಸಿದ್ದಾರೆ. ಹೊಗಳಿಕೆಯನ್ನು ಬೇರೆಯವರಿಗೆ ದಾಟಿಸುವುದು ಅವರಿಗೂ ಗೊತ್ತಿರುವ ಉಪಾಯ. ಅವ್ವ ತಡಮಾಡದೆ ‘ಥ್ಯಾಂಕ್ ಯೂ’ ಅನ್ನಲಿ, ಹಿಂದೆಯೇ ‘ಫ್ರಮ್ ಮೈ ಟೌನ್, ಇಳಕಲ್’. ಆಸಕ್ತಿ ಕಂಡರೆ ಸೆರಗು ಹಿಡಿದು ತೋರಿಸಲಿ: ಒಡಲು ಹತ್ತಿ, ಸೆರಗು ರೇಷ್ಮೆ, ಎರಡರ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿದ್ದು. ಹೊಗಳಿಕೆ ನೇಕಾರರಿಗೆ ಹೋಯಿತು! ಬೆಲೆ ಹೇಳುವುದು ಬೇಡ. ‘ಸಿಂಪಲ್ ಸ್ಯಾರಿ ಓನ್ಲಿ’ ಕೂಡ ಬೇಡ, ಅದು ‘ನೋ’ದ ತಂಗಿ.

ಸೀರೆಗೆ ಕಲಿತದ್ದು ಊಟಕ್ಕೆ ಬರುವುದಿಲ್ಲ. ಹೋಳಿಗೆ ಹೊಗಳಿದೊಡನೆ ‘ಬೆಲ್ಲ ಕಮ್ಮಿ ಆಗೇತಿ’ ಬಾಯಿಗೆ ಬಂದೇ ಬರುತ್ತದೆ. ಅಲ್ಲಿ ‘ಥ್ಯಾಂಕ್ ಯೂ, ಒನ್ ಮೋರ್?’ ಎಂದರೆ ಸಾಕು. ನಾಲ್ಕೈದು ಬೇರೆ ಬೇರೆ ಹೊಗಳಿಕೆ ಹೇಳಿ ಅಡುಗೆಮನೆಯಲ್ಲೇ ರೂಢಿ ಮಾಡಿಸಿ. ಕೂಸನ್ನು ಹೊಗಳಿದಾಗ ಮಾತ್ರ ಒತ್ತಾಯಿಸಬೇಡಿ. ದೃಷ್ಟಿಯಾಗುವ ಅಂಜಿಕೆ ಇರುವವರಿಗೆ ‘ಥ್ಯಾಂಕ್ ಯೂ’ ಗಂಟಲಿನಿಂದ ಹೊರಡುವುದಿಲ್ಲ. ನಕ್ಕರೆ ಆಯಿತು, ಸಂಜೆ ದೃಷ್ಟಿ ತೆಗೆದುಕೊಳ್ಳುತ್ತಾರೆ.

ಪ್ರಶ್ನೆ: ಮಗಳಿಗೆ 17, ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಯಾರಾದರೂ ‘ಚಂದ ಹಾಡಿದಿ’ ಅಂದರೆ ‘ಥ್ಯಾಂಕ್ಸ್’ ಅಂದು ಹೊರಟೇಬಿಡುತ್ತಾಳೆ. ಅಜ್ಜಿಗೆ ಇದು ಸೊಕ್ಕು ಅನ್ನಿಸಿದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಹೊಗಳಿಸಿಕೊಳ್ಳುವ ಮಟ್ಟಿಗೆ ಈಕೆಗೆ ಕನ್ನಡವೇ ಎರಡನೇ ಭಾಷೆ. ‘ಥ್ಯಾಂಕ್ಸ್’ ಬದಲು ‘ಧನ್ಯವಾದ’ ಕಲಿಸಬೇಡಿ. ಅದು ವೇದಿಕೆಯ ಮಾತು, ಮನೆಯಲ್ಲಿ ನಾಟಕವಾದೀತು. ತೊಡಕಿರುವುದು ಅಲ್ಲಿಗೇ ಮಾತು ಮುಗಿಸುವುದರಲ್ಲಿ. ‘ಖರೇನ ಛಲೋ ಆತೇನ್ರೀ ಅಜ್ಜಿ?’ ಎಂದು ಒಂದು ಪ್ರಶ್ನೆ ಸೇರಿಸಿ ಅರೆಗಳಿಗೆ ನಿಲ್ಲಲಿ. ಹಿರಿಯರು ಕಾಯುತ್ತಿರುವುದು ಆ ಅರೆಗಳಿಗೆಗೆ.