ವೆಬ್ ಸ್ಟ್ಯಾಂಡರ್ಡ್ ಯಾರು ಮಾಡ್ತಾರೆ, ಬಳಸೋಕೆ ದುಡ್ಡು ಕೊಡಬೇಕಾ?

ಒಂದು ಪೈಸೆಯೂ ಬೇಡ. ರಾಯಚೂರಿನ ಗಂಜ್‌ನಲ್ಲಿ ಹತ್ತಿ ದಲಾಲಿ ಅಂಗಡಿಯೊಂದಕ್ಕೆ ದರದ ಪುಟ ಮಾಡಿಕೊಟ್ಟಿದ್ದೆ. ಸಾಹುಕಾರರ ಹೊಸ ಐಫೋನ್‌ನಲ್ಲೂ, ಹಮಾಲಿ ಅಣ್ಣನ ಗಾಜು ಒಡೆದ ಆಂಡ್ರಾಯ್ಡ್‌ನಲ್ಲೂ ಒಂದೇ ಥರ ತೆರೆಯಿತು. ಬ್ರೌಸರ್‌ಗಳೆಲ್ಲ ಒಂದೇ ನಿಯಮ ಒಪ್ಪಿಕೊಂಡಿವೆ, ಅಷ್ಟೇ. ಆ ನಿಯಮಗಳೇ ವೆಬ್ ಸ್ಟ್ಯಾಂಡರ್ಡ್.

ಪುಟದ ಬಣ್ಣ, ಅಕ್ಷರ, ಜೋಡಣೆ ಹೇಳುವ ಸಿಎಸ್‌ಎಸ್‌ನಂಥ ನಿಯಮ ರೂಪಿಸುವುದು ಡಬ್ಲ್ಯೂ ತ್ರೀ ಸಿ (ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ) ಎಂಬ ಕೂಟ. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1994ರಲ್ಲಿ ಕಟ್ಟಿದ್ದು. 2023ರಿಂದ ಲಾಭದ ಉದ್ದೇಶವಿಲ್ಲದ ಸಂಸ್ಥೆ. ಸದಸ್ಯ ಕಂಪನಿಗಳು ಚಂದಾ ಕೊಡುತ್ತವೆ. ಆದರೆ ಕರಡು ಎಲ್ಲರಿಗೂ ತೆರೆದಿರುತ್ತದೆ, ತಪ್ಪಿದ್ದರೆ ನೀವೂ ಹೇಳಬಹುದು. ಕಾಗದದಲ್ಲಿ ಬರೆದರೆ ಸಾಲದು, ನಿಜವಾಗಿ ಕೆಲಸ ಮಾಡುತ್ತೆ ಅಂತ ತೋರಿಸಬೇಕು. ಅದಕ್ಕೇ ವರ್ಷಗಟ್ಟಲೆ ಎಳೆಯುತ್ತದೆ! ಪೇಟೆಂಟ್ ರಾಯಧನ ಬೇಡ ಎಂಬ ನೀತಿ 2004ರಿಂದ ಇದೆ.

ಪುಟದ ರಚನೆ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಮಾತ್ರ ಈಗ ಬ್ರೌಸರ್ ಕಂಪನಿಗಳ ಇನ್ನೊಂದು ಗುಂಪಿನ ಕೈಲಿದೆ. ನನಗೇನೋ ಅದು ಅಷ್ಟು ಹಿಡಿಸಲ್ಲ.