ಕಾಲೇಜಿನಲ್ಲಿ ಇರುವುದು ಹಳೆಯ ಸ್ಪೆಕ್ಟ್ರೋಫೋಟೋಮೀಟರ್ ಒಂದೇ. ಹೊರಗೆ ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಸರ್ಟಿಫಿಕೇಟ್ ಕೋರ್ಸ್‌ಗೆ ಸೇರದಿದ್ದರೆ ಹಿಂದೆ ಬೀಳುತ್ತೇನೆಯೇ?

ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಅಂಥದೇ ಯಂತ್ರದ ಮುಂದೆ ಇಪ್ಪತ್ತು ಮಂದಿಯ ಸಾಲಿನಲ್ಲಿ ನಾನೂ ನಿಂತಿದ್ದೆ. ಯಂತ್ರ ಹೊಸದಾಗಿದ್ದರೆ ನನ್ನ ಕೆಲಸವೂ ಚೆನ್ನಾಗಿರುತ್ತಿತ್ತು ಎಂದೇ ನಂಬಿದ್ದೆ. ಆ ನಂಬಿಕೆ ಕಳಚಿದ್ದು ಪದವಿಯ ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ.

ತುಕ್ಕಿನ ಪುಡಿಯಿಂದ ಆಮ್ಲವು ಕಬ್ಬಿಣವನ್ನು ಎಷ್ಟು ಬೇಗ ಕರಗಿಸುತ್ತದೆ ಎಂದು ಅಳೆಯಬೇಕಿತ್ತು. ಹತ್ತು ನಿಮಿಷಕ್ಕೊಮ್ಮೆ ಸ್ವಲ್ಪ ದ್ರಾವಣ ತೆಗೆದು, ಹೈಡ್ರಾಕ್ಸಿಲಮೀನ್‌ನಿಂದ ಫೆರಸ್ ರೂಪಕ್ಕೆ ತಂದು, ಅದರೊಡನೆ ಬಣ್ಣ ಕೊಡುವ ಫಿನಾಂತ್ರೊಲಿನ್ ಸೇರಿಸಿ, ಬರುವ ಕಿತ್ತಳೆಗೆಂಪು ಬಣ್ಣವನ್ನು 510 ನ್ಯಾನೋಮೀಟರ್‌ನಲ್ಲಿ ಓದುತ್ತಿದ್ದೆ. ಲೀಟರಿಗೆ 0.5ರಿಂದ 4 ಮಿಲಿಗ್ರಾಂವರೆಗಿನ ಸ್ಟ್ಯಾಂಡರ್ಡ್‌ಗಳು (ಕಬ್ಬಿಣದ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣಗಳು) ದಾರ ಎಳೆದಂತೆ ಒಂದೇ ರೇಖೆಯ ಮೇಲೆ ಕುಳಿತಿದ್ದವು. 4 ಮಿಲಿಗ್ರಾಂನದರ ಓದು, ಅಂದರೆ ಅಬ್ಸಾರ್ಬೆನ್ಸ್ (ಬೆಳಕು ಹೀರಿದ ಅಳತೆ), ಸುಮಾರು 0.8. ನನ್ನ ಮಾದರಿಗಳು ಮಾತ್ರ 1.4, 1.9, 2.2, ಆಮೇಲೆ 2.3, 2.3, 2.3. ರೇಖೆಯನ್ನು ಸ್ಕೇಲಿಟ್ಟು ಮೇಲಕ್ಕೆ ಎಳೆದೆ, 11.5 ಮಿಲಿಗ್ರಾಂ ಎಂದು ಬರೆದೆ. ನಲವತ್ತು ನಿಮಿಷಕ್ಕೆ ಕರಗುವಿಕೆ ನಿಂತಿತೆಂದು ತೀರ್ಮಾನಿಸಿ, ಏಕೆ ನಿಂತಿತು ಎಂಬುದಕ್ಕೆ ಹನ್ನೆರಡು ಪುಟಗಳ ವಿವರಣೆಯನ್ನೂ ಕೊಟ್ಟೆ.

ತಪ್ಪು ಎಲ್ಲಿತ್ತೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಅಬ್ಸಾರ್ಬೆನ್ಸ್ 1 ಎಂದರೆ ಹತ್ತರಲ್ಲಿ ಒಂದು ಪಾಲು ಬೆಳಕು ದ್ರಾವಣ ದಾಟಿ ಬಂತು. 2 ಎಂದರೆ ನೂರರಲ್ಲಿ ಒಂದು, 3 ಎಂದರೆ ಸಾವಿರದಲ್ಲಿ ಒಂದು. ಆದರೆ ಯಂತ್ರದೊಳಗೆ ಬೇರೆ ತರಂಗಾಂತರಗಳ ದಾರಿತಪ್ಪಿದ ಬೆಳಕೂ ಒಂದಿಷ್ಟು ಇರುತ್ತದೆ. ದ್ರಾವಣ ಅದನ್ನು ಹೀರದೆ ಬಿಟ್ಟುಬಿಡುತ್ತದೆ, ಡಿಟೆಕ್ಟರ್‌ಗೆ ಭೇದ ತಿಳಿಯುವುದಿಲ್ಲ. ಅದು ಸಾವಿರದಲ್ಲಿ ಐದು ಪಾಲು ಇದೆ ಎನ್ನಿ. ನಿಜವಾದ ಬೆಳಕು ಒಂದು ಪಾಲು, ಕಳ್ಳ ಬೆಳಕು ಐದು, ಒಟ್ಟು ಆರು. 3 ತೋರಿಸಬೇಕಾದ ಯಂತ್ರ 2.2 ತೋರಿಸುತ್ತದೆ. ಬಣ್ಣ ಇನ್ನೆಷ್ಟೇ ಗಾಢವಾದರೂ ಅದು 2.3ರ ಮೇಲೆ ಹೋಗಲಾರದು.

ವೈವಾದಲ್ಲಿ ಪರೀಕ್ಷಕರು ಕೇಳಿದ್ದು ಒಂದೇ ಮಾತು: “ತೆಳುಮಾಡಿ ಓದಿದ್ದೀರಾ?” ಉಳಿದಿದ್ದ ಕೊನೆಯ ಬಾಟಲಿಯ ದ್ರಾವಣವನ್ನು ಅವರ ಎದುರೇ ಹತ್ತು ಪಟ್ಟು ತೆಳುಮಾಡಿ, ಬಣ್ಣ ಬರಿಸಿ ಓದಿದೆ. 0.60. ಅಂದರೆ 3 ಮಿಲಿಗ್ರಾಂ, ಹತ್ತರಿಂದ ಗುಣಿಸಿದರೆ 30. ಕಬ್ಬಿಣ ಕರಗುತ್ತಲೇ ಇತ್ತು. ಅದನ್ನು ಕಾಣುವ ಶಕ್ತಿ ಯಂತ್ರಕ್ಕೆ ಮುಗಿದಿತ್ತು. ಉಳಿದ ಬಾಟಲಿಗಳನ್ನೆಲ್ಲ ತೊಳೆದಿಟ್ಟಿದ್ದೆ. ಪ್ರಾಜೆಕ್ಟ್ ಹೋಯಿತು, ಅದರ ಮೇಲೆ ಸಿಗಬೇಕಿದ್ದ ಶಿಫಾರಸು ಪತ್ರವೂ ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಯಂತ್ರ ಹಳೆಯದೆಂದು ನೀವು ಹಿಂದೆ ಬೀಳುವುದಿಲ್ಲ. ಎರಡು ದಿನದ ಕೋರ್ಸ್‌ನಲ್ಲಿ ಯಾವ ಗುಂಡಿ ಒತ್ತಬೇಕೆಂದು ತೋರಿಸುತ್ತಾರೆ. ಕೆಲಸಕ್ಕೆ ಸೇರಿದ ಕಡೆ ಅದನ್ನು ಹೇಗೂ ಕಲಿಸುತ್ತಾರೆ. ಎಚ್‌ಪಿಎಲ್‌ಸಿಯ ಯುವಿ ಡಿಟೆಕ್ಟರ್‌ಗೂ ಇದೇ ಮಿತಿ ಇದೆ. ಮಾದರಿ ಅತಿಯಾದರೆ ಅಲ್ಲಿ ಗ್ರಾಫ್‌ನಲ್ಲಿ ಏಳುವ ಪೀಕ್‌ನ ತಲೆ ಚಪ್ಪಟೆಯಾಗುತ್ತದೆ. ಹಳೆಯ ಯಂತ್ರದಲ್ಲಿ ಈ ಮಿತಿಯನ್ನು ಕಂಡವರಿಗೆ ಅದು ನೋಡಿದೊಡನೆ ಗುರುತು ಸಿಗುತ್ತದೆ. ಸ್ಟ್ಯಾಂಡರ್ಡ್‌ಗಳನ್ನು ಮಾತ್ರ ಬೇರೆಯವರು ಮಾಡಿಕೊಟ್ಟರೆ ಬೇಡವೆನ್ನಿ, ನೀವೇ ತೂಗಿ, ನೀವೇ ಪಿಪೆಟ್ ಹಿಡಿಯಿರಿ.

ಮುಂದಿನ ಪ್ರಯೋಗದ ದಿನ ಅರ್ಧ ಗಂಟೆ ಕೇಳಿಕೊಳ್ಳಿ. ಪೊಟ್ಯಾಸಿಯಂ ಪರ್ಮಾಂಗನೇಟ್‌ನ ಗಾಢ ನೇರಳೆ ದ್ರಾವಣ ಮಾಡಿ, ಅದನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಹೀಗೆ ಎಂಟು ಸಲ ಇಳಿಸುತ್ತ 525 ನ್ಯಾನೋಮೀಟರ್‌ನಲ್ಲಿ ಓದಿ. ತೆಳು ದ್ರಾವಣಗಳಲ್ಲಿ ಓದು ನಿಖರವಾಗಿ ಅರ್ಧವಾಗುತ್ತದೆ, ಗಾಢವಾದವುಗಳಲ್ಲಿ ಆಗುವುದಿಲ್ಲ. ರೇಖೆ ಬಾಗಲು ಶುರುವಾಗುವ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಆ ಯಂತ್ರದ ಮೇಲೆಯೇ ಅಂಟಿಸಿ.