ಮೂರನೇ ಹೆರಿಗೆ ಮೊದಲೆರಡಕ್ಕಿಂತ ಸುಲಭವೇ?

ಬೇಗ ಆಗುತ್ತದೆ ಅನ್ನುವುದು ಬಹುತೇಕ ನಿಜ. ಸುಲಭ ಅನ್ನಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ.

ಚೊಚ್ಚಲ ಹೆರಿಗೆಯಲ್ಲಿ ನೋವು ಬಲವಾದ ಮೇಲೂ ಸಾಮಾನ್ಯವಾಗಿ 8ರಿಂದ 18 ಗಂಟೆ ಹಿಡಿಯುತ್ತದೆ. ಆಮೇಲಿನ ಹೆರಿಗೆಗಳಲ್ಲಿ ಗರ್ಭಕೋಶದ ಬಾಯಿ ಬೇಗ ತೆರೆದುಕೊಳ್ಳುವುದರಿಂದ 5ರಿಂದ 12 ಗಂಟೆ. ಕೆಲವರಿಗೆ ಇನ್ನೂ ಕಡಿಮೆ. ಆದ್ದರಿಂದ 'ಹೋದ ಸಲ ರಾತ್ರಿಯಿಡೀ ಆಯ್ತಲ್ಲ' ಅಂತ ಮನೆಯಲ್ಲಿ ಕಾಯಬೇಡಿ. ಆಸ್ಪತ್ರೆ ದೂರವಿದ್ದರೆ ನೋವು ಶುರುವಾದ ಕೂಡಲೇ 108ಕ್ಕೆ ಫೋನ್ ಮಾಡಿ. ತಾಯಿ ಕಾರ್ಡ್, ಬಟ್ಟೆಬರೆ ಮೊದಲೇ ಚೀಲದಲ್ಲಿರಲಿ. ದೊಡ್ಡ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಅನ್ನುವುದೂ ತೀರ್ಮಾನವಾಗಿರಲಿ.

ಹೆರಿಗೆ ನೋವು ಶುರುವಾಗುವವರೆಗೂ ಮಗುವಿನ ತಲೆ ಕೆಳಗಿಳಿಯದೆ ಇರಬಹುದು. ಅದಕ್ಕೆ ಗಾಬರಿ ಬೇಡ.

ಯಾರೂ ಮೊದಲೇ ಹೇಳದ ಸಂಗತಿ ಒಂದಿದೆ: ಹೆತ್ತ ಮೇಲಿನ ಹೊಟ್ಟೆನೋವು. ಗರ್ಭಕೋಶ ಕುಗ್ಗುವಾಗ ಬರುವ ಈ ನೋವು ಪ್ರತಿ ಹೆರಿಗೆಗೂ ಜಾಸ್ತಿಯಾಗುತ್ತಾ ಹೋಗುತ್ತದೆ. ಹಾಲು ಕುಡಿಸುವಾಗಲಂತೂ ಹಿಂಡಿದಂತಾಗುತ್ತದೆ. ಮಗು ಚೀಪಿದಾಗ ಬರುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಗರ್ಭಕೋಶವನ್ನೂ ಬಿಗಿ ಮಾಡುತ್ತದೆ, ಅದಕ್ಕೆ. ಎರಡು ಮೂರು ದಿನದಲ್ಲಿ ತಗ್ಗುತ್ತದೆ. ಸುಮ್ನೆ ಹಲ್ಲು ಕಚ್ಚಿಕೊಂಡಿರಬೇಡಿ ತಾಯಿ, ಮಾತ್ರೆ ಕೇಳಿ.

ಹಿಂದಿನ ಎರಡೂ ಸಿಸೇರಿಯನ್ ಆಗಿದ್ದರೆ ಲೆಕ್ಕವೇ ಬೇರೆ. ಹಳೆಯ ಗಾಯದ ಜಾಗಕ್ಕೆ ಮಾಸು ಬಲವಾಗಿ ಅಂಟಿಕೊಳ್ಳುವ ಅಪಾಯ ಹೆಚ್ಚು, ಆಗ ರಕ್ತಸ್ರಾವ ತೀವ್ರವಾಗಬಹುದು. ಮಾಸು ಎಲ್ಲಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ನೋಡಿಸಿ. ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆಯನ್ನೇ ಆರಿಸಿ. ಹೆರಿಗೆ ಹೇಗೇ ಆಗಲಿ, ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಈಗಿನಿಂದಲೇ ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ.